ಜಿಲ್ಲಾ ಆಸ್ಪತ್ರೆಗೆ ಹೊರಟ ಪಿಜಿಗಳಿಗೆ

2021ರ ಬ್ಯಾಚಿನಿಂದ ಎಂ.ಡಿ., ಎಂ.ಎಸ್. ಓದುವವರು ಮೂರು ತಿಂಗಳು ಜಿಲ್ಲಾ ಆಸ್ಪತ್ರೆಯಲ್ಲಿ ಕೆಲಸ ಮಾಡಲೇಬೇಕು. ಇದಕ್ಕೆ ಡಿಆರ್‌ಪಿ (ಡಿಸ್ಟ್ರಿಕ್ಟ್ ರೆಸಿಡೆನ್ಸಿ ಪ್ರೋಗ್ರಾಂ) ಎನ್ನುತ್ತಾರೆ. ಪೋಸ್ಟಿಂಗ್ ಬಂದ ಕೂಡಲೇ “ಥೀಸಿಸ್ ನಿಂತುಹೋಗುತ್ತೆ ಸರ್” ಎಂದು ಮುಖ ಸಪ್ಪಗೆ ಮಾಡುವವರೇ ಹೆಚ್ಚು. ಬೆಂಗಳೂರಿನಲ್ಲಿ ಮೆಡಿಸಿನ್ ಕಲಿತು ಜಿಲ್ಲಾ ಆಸ್ಪತ್ರೆಯಲ್ಲಿ ನೆಲೆನಿಂತ ನಾನು ಅವರಿಗೆ ಹೇಳುವುದಿಷ್ಟು.

1. ಮೆಡಿಕಲ್ ಕಾಲೇಜಿಗೆ ರೋಗಿ ಬರುವಷ್ಟರಲ್ಲಿ ಕಾಯಿಲೆಗೆ ಹೆಸರು ಬಿದ್ದಿರುತ್ತದೆ. ಜಿಲ್ಲಾ ಆಸ್ಪತ್ರೆಯಲ್ಲಿ ಬರೀ ಜ್ವರ ಬರುತ್ತದೆ. ಡೆಂಗಿಯೋ, ಇಲಿಜ್ವರವೋ, ಸ್ಕ್ರಬ್ ಟೈಫಸ್ಸೋ, ಮೊದಮೊದಲು ಎಲ್ಲವೂ ಒಂದೇ ಥರ. ಹೊಲದಲ್ಲಿ ದುಡಿಯುವ ಹೆಂಗಸಿಗೆ ಜ್ವರವಿದ್ದರೆ ನರ್ಸ್ ಜೊತೆಗಿರಲಿ, ಪರದೆ ಎಳೆದು ಕಂಕುಳು, ತೊಡೆಸಂದು, ಸೀರೆ ಕಟ್ಟುವ ಸೊಂಟದ ಸುತ್ತ ನೋಡಿ. ನೋವಿಲ್ಲದ ಕಪ್ಪು ಹಕ್ಕಳೆ ಸಿಕ್ಕರೆ ಬಹುಮಟ್ಟಿಗೆ ಸ್ಕ್ರಬ್ ಟೈಫಸ್. ರಿಪೋರ್ಟಿಗೆ ಕಾಯದೆ ಡಾಕ್ಸಿಸೈಕ್ಲಿನ್ ಶುರು ಮಾಡಿ. ಸಾಮಾನ್ಯವಾಗಿ 48 ಗಂಟೆಯೊಳಗೆ ಜ್ವರ ಇಳಿಯುತ್ತದೆ.

2. ಕೊಳಕುಮಂಡಲ ಕಚ್ಚಿದವರು ಮಧ್ಯರಾತ್ರಿ ಬರುತ್ತಾರೆ, ಲ್ಯಾಬ್ ಮುಚ್ಚಿರುತ್ತದೆ. ಆಗ ಬೇಕಾಗಿರುವುದು ಹೊಸದಾದ, ಒಣಗಿದ ಒಂದು ಗಾಜಿನ ಟ್ಯೂಬು. 2 ಎಂ.ಎಲ್. ರಕ್ತ ಹಾಕಿ, 20 ನಿಮಿಷ ಅಲುಗಿಸದೆ ಇಟ್ಟು, ಆಮೇಲೆ ಒಮ್ಮೆ ಬಗ್ಗಿಸಿ. ರಕ್ತ ಹೆಪ್ಪುಗಟ್ಟದೆ ಹರಿದರೆ ಎಎಸ್‌ವಿ (ಹಾವಿನ ಪ್ರತಿವಿಷ) ತಡಮಾಡಬೇಡಿ. ಪ್ಲಾಸ್ಟಿಕ್ ಟ್ಯೂಬು ಬೇಡ. ಸೋಪಿನ ಪುಡಿಯಲ್ಲಿ ತೊಳೆದದ್ದೂ ಬೇಡ, ಅದರಲ್ಲಿ ಒಳ್ಳೆಯ ರಕ್ತವೂ ಹೆಪ್ಪುಗಟ್ಟದೆ ದಾರಿ ತಪ್ಪಿಸಬಹುದು. ಪುಸ್ತಕದಲ್ಲಿ ಎರಡೇ ಸಾಲಿನ ಈ ಪರೀಕ್ಷೆಯನ್ನು ಕೈಯಾರೆ ಮಾಡಿದವನಿಗೆ ಆ ಇಪ್ಪತ್ತು ನಿಮಿಷದ ಬೆಲೆ ಗೊತ್ತಾಗುತ್ತದೆ.

3. ಹಾಗೆಂದು ಕಾಲೇಜನ್ನು ಹಗುರ ಮಾಡಬೇಡಿ. “ಯಾಕೆ ಕೊಟ್ಟೆ?” ಎಂದು ರೌಂಡ್ಸಿನಲ್ಲಿ ನಿಲ್ಲಿಸಿ ಕೇಳುವ ಚೀಫ್ ಅಲ್ಲಿದ್ದಾರೆ. ಕೇಳುವವರಿಲ್ಲದ ಕಡೆ ರೂಢಿಯೇ ವಿದ್ಯೆಯಾಗಿಬಿಡುತ್ತದೆ. ಈ ಭಯ ನನಗೆ ಈಗಲೂ ಇದೆ.

4. ರೆಫರ್ ಚೀಟಿ ಬರೆಯಲು ಕಲಿಯಿರಿ. ‘ಮುಂದಿನ ಚಿಕಿತ್ಸೆಗಾಗಿ’ ಎಂಬ ಒಂದು ಸಾಲು ಸಾಲದು. ಎಷ್ಟು ಹೊತ್ತಿಗೆ ಎಷ್ಟು ವಯಲ್ ಎಎಸ್‌ವಿ ಕೊಟ್ಟಿರಿ, ಹೊರಡುವಾಗ ಬಿಪಿ ಎಷ್ಟಿತ್ತು, ಯಾಕೆ ಕಳಿಸುತ್ತಿದ್ದೀರಿ, ಎಲ್ಲ ಬರೆಯಿರಿ. ಆ್ಯಂಬುಲೆನ್ಸ್ ಹೊರಡುವ ಮೊದಲು ಅಲ್ಲಿನ ಡಾಕ್ಟರಿಗೆ ಫೋನ್ ಮಾಡಿ.

5. ಕಾಲೇಜಿನಲ್ಲಿ ಡಿಸ್ಚಾರ್ಜ್ ಆದವರು ಎಷ್ಟೋ ಸಲ ಮತ್ತೆ ಕಾಣುವುದಿಲ್ಲ. ಇಲ್ಲಿ ಸಂತೆಯ ದಿನ ಬಂದು ಎದುರಿಗೆ ಕೂರುತ್ತಾರೆ. “ಫ್ರಿಜ್ ಇಲ್ಲ ಡಾಕ್ಟ್ರೇ, ಇನ್ಸುಲಿನ್ ಎಲ್ಲಿ ಇಡ್ಲಿ?” ಎಂದು ಕೇಳುತ್ತಾರೆ. ನೀರು ತುಂಬಿದ ಮಣ್ಣಿನ ಮಡಕೆಯಲ್ಲಿ, ಮುಚ್ಚಿದ ಡಬ್ಬಿಯೊಳಗೆ, ನೆರಳಿನಲ್ಲಿ ಇಡಲು ಹೇಳಿ. ಡೋಸು ಬರೆದುಕೊಟ್ಟರೆ ಮುಗಿಯಿತು ಎಂದುಕೊಳ್ಳಬೇಡಿ.

6. ಕೊನೆಯದು ಕಾಲೇಜಿನ ಹಿರಿಯರಿಗೆ. ಮಕ್ಕಳನ್ನು ಖಾಲಿ ಹುದ್ದೆ ತುಂಬಲು ಕಳಿಸಿ ಮರೆಯಬೇಡಿ. ವಾರಕ್ಕೊಮ್ಮೆ ವಿಡಿಯೊ ಕರೆಯಲ್ಲಾದರೂ ಅವರ ಕೇಸ್ ಕೇಳಿ, ನಮ್ಮನ್ನೂ ಕೂರಿಸಿಕೊಳ್ಳಿ.