ಪಿಕಪ್ ಹಿಂದಿನ ಆಕ್ಸಲ್ ಬಿಚ್ಚಿಸೋ ಮುಂಚೆ ಇಷ್ಟು ಗೊತ್ತಿರಲಿ

ಮಳೆಗಾಲದಲ್ಲಿ ತರಕಾರಿ ಲೋಡ್ ಆದ ಪಿಕಪ್ ಹೊಲದ ದಾರೀಲಿ ಹೂತರೆ ಅವತ್ತಿನ ಮಾರ್ಕೆಟ್ ತಪ್ಪಿದ ಹಾಗೇ. ಒಂದು ಚಕ್ರ ಕೆಸರಲ್ಲಿ ಗಿರಗಿರ ತಿರುಗುತ್ತೆ, ಇನ್ನೊಂದು ಸುಮ್ಮನೆ ನಿಂತಿರುತ್ತೆ. ನಾನು ಓದಿದ್ದು ತೋಟಗಾರಿಕೆ. ಆದರೂ ನನ್ನ ಗಾಡಿಯ ಆಕ್ಸಲ್ ಕೆಲಸ ನಡೆದಾಗ ಪಕ್ಕದಲ್ಲೇ ನಿಂತು ಕಲಿತದ್ದನ್ನ ಬರೀತಿದ್ದೀನಿ.

ಲಿಮಿಟೆಡ್ ಸ್ಲಿಪ್ ಅಂದ್ರೇನು?
ಕ್ಲಚ್ ಮಾದರಿಯ ಈ ಡಿಫರೆನ್ಷಿಯಲ್ ಒಳಗೆ ಪ್ಲೇಟ್‌ಗಳಿರುತ್ತವೆ. ಒಂದು ಚಕ್ರ ಜಾರಿದಾಗ ಇವು ಬಿಗಿ ಹಿಡಿದು ಇನ್ನೊಂದಕ್ಕೂ ಶಕ್ತಿ ಕೊಡುತ್ತವೆ. ಪ್ಲೇಟ್ ಸವೆದರೆ ಅದು ಮಾಮೂಲಿ ಡಿಫರೆನ್ಷಿಯಲ್ ಥರಾನೇ ಆಗಿಬಿಡುತ್ತೆ. ಹಿಂದಿನ ಎರಡು ಟೈರ್‌ಗಳ ಸೈಜ್, ಸವೆತ ಬೇರೆ ಬೇರೆ ಇದ್ದರೆ ಪ್ಲೇಟ್ ಬೇಗ ಹೋಗುತ್ತೆ.

ರೇಷಿಯೋ ಲೆಕ್ಕ
ಕ್ರೌನ್‌ಗೆ 41, ಪಿನಿಯನ್‌ಗೆ 10 ಹಲ್ಲು ಇದ್ದರೆ 4.10. ಪಿನಿಯನ್ 9 ಹಲ್ಲಿನದಾದರೆ 4.56. ಎಳೆಯೋ ಶಕ್ತಿ ಸುಮಾರು 11% ಹೆಚ್ಚುತ್ತೆ. ಅದೇ ವೇಗಕ್ಕೆ ಎಂಜಿನ್ ಕೂಡ ಅಷ್ಟೇ ಜಾಸ್ತಿ ತಿರುಗಬೇಕು. ಸ್ಪೀಡೋಮೀಟರ್ ಗೇರ್‌ಬಾಕ್ಸ್‌ನಿಂದ ನಡೆಯುತ್ತಿದ್ದರೆ 60 ತೋರಿಸುವಾಗ ನಿಜವಾದ ವೇಗ 54 ಮಾತ್ರ. ಫೋರ್ ವೀಲ್ ಗಾಡಿಯಾದರೆ ಮುಂದಿನ ಆಕ್ಸಲ್‌ಗೂ ಅದೇ ರೇಷಿಯೋ ಹಾಕಲೇಬೇಕು.

ಮೆಕ್ಯಾನಿಕ್ ಹತ್ರ ಕೇಳಿ ಮಾಡಿಸಿ
1. ಕ್ರೌನ್, ಪಿನಿಯನ್ ಯಾವಾಗಲೂ ಜೋಡಿಯಾಗೇ ಬದಲಾಗಲಿ.
2. ಪಿನಿಯನ್‌ನ ಕ್ರಷ್ ಸ್ಲೀವ್ ಹೊಸದೇ ಹಾಕಲಿ. ಒಮ್ಮೆ ಬಿಗಿ ಜಾಸ್ತಿಯಾದರೆ ಸಡಿಲಿಸಿ ಸರಿಮಾಡೋಕೆ ಆಗಲ್ಲ.
3. ಹಲ್ಲುಗಳ ನಡುವಿನ ಆಟವನ್ನು ಡಯಲ್ ಗೇಜ್‌ನಲ್ಲೇ ಅಳೆಯಲಿ. ಎಷ್ಟಿರಬೇಕು ಅನ್ನೋದು ನಿಮ್ಮ ಗಾಡಿಯ ಸರ್ವಿಸ್ ಮ್ಯಾನ್ಯುಯಲ್‌ನಲ್ಲಿರುತ್ತೆ.
4. ಹಲ್ಲಿಗೆ ಬಣ್ಣ ಹಚ್ಚಿ ತಿರುಗಿಸಿದಾಗ ಗುರುತು ಹಲ್ಲಿನ ಮಧ್ಯಭಾಗದಲ್ಲಿ ಬೀಳಬೇಕು. ಅದರ ಫೋಟೋ ತೆಗೆದಿಟ್ಟುಕೊಳ್ಳಿ.
5. ಹೊಸ ಪ್ಲೇಟ್‌ಗಳನ್ನು ಆಯಿಲ್‌ನಲ್ಲಿ ನೆನೆಸಿಯೇ ಜೋಡಿಸಲಿ.
6. ಲಿಮಿಟೆಡ್ ಸ್ಲಿಪ್‌ಗೆ ಹೇಳಿರುವ ಆಯಿಲ್ಲೇ ಹಾಕಿಸಿ. ಮಾಮೂಲಿ ಆಯಿಲ್ ಹಾಕಿದರೆ ತಿರುವಿನಲ್ಲಿ ಆಕ್ಸಲ್ ಕಟಕಟ ಅಂತ ನಡುಗಬಹುದು.

ಎಚ್ಚರ!
ಒಂದೇ ಹಿಂದಿನ ಚಕ್ರ ಜ್ಯಾಕ್ ಮೇಲೆತ್ತಿ, ಗೇರ್‌ನಲ್ಲಿ ಎಂಜಿನ್ ಓಡಿಸಲೇಬೇಡಿ. ನೆಲದಲ್ಲಿರೋ ಚಕ್ರ ಎಳೆದು ಗಾಡಿ ಜ್ಯಾಕ್‌ನಿಂದ ಜಿಗಿಯುತ್ತೆ. ಕೆಳಗಿದ್ದವರ ಜೀವಕ್ಕೇ ಅಪಾಯ.

ಕೆಲಸ ಮುಗಿದ ಮೇಲೆ
ಮೊದಲು 20–30 ಕಿ.ಮೀ. ಖಾಲಿ ಓಡಿಸಿ, ಆಕ್ಸಲ್ ಪೂರ್ತಿ ತಣ್ಣಗಾಗಲು ಬಿಡಿ. ಹೀಗೆ ಎರಡು ಮೂರು ಸಲ ಮಾಡಿ. ಸುಮಾರು 800 ಕಿ.ಮೀ.ವರೆಗೆ ಭಾರೀ ಲೋಡ್ ಬೇಡ. ಆಮೇಲೆ ಆಯಿಲ್ ಬದಲಿಸಿ. ಅಂದರೆ ಈ ಕೆಲಸ ಸುಗ್ಗಿಗೆ ಮುಂಚೆಯೇ ಮುಗಿಸಿಕೊಳ್ಳಬೇಕು, ಕಟಾವಿನ ವಾರದಲ್ಲಲ್ಲ.

ತೆಗೆದ ಹಳೇ ಆಯಿಲ್ ಬದುವಿಗೋ ಕಾಲುವೆಗೋ ಸುರಿಯಬೇಡಿ. ಡಬ್ಬದಲ್ಲಿ ತುಂಬಿ ಹಳೇ ಆಯಿಲ್ ಕೊಳ್ಳುವ ಗ್ಯಾರೇಜಿಗೆ ಕೊಡಿ.