ಒಂದೇ ಬಾಟಲಿ, ಎರಡು ರೇಟು: ಲಾಯಲ್ಟಿ ಕಾರ್ಡಿನ ಲೆಕ್ಕ

ಬ್ರಿಟನ್‌ನ ಟೆಸ್ಕೋ ಸೂಪರ್‌ಮಾರ್ಕೆಟ್‌ಗೆ ಹೋದರೆ ಶೆಲ್ಫ್ ಮೇಲೆ ಎಷ್ಟೋ ಸಾಮಾನುಗಳಿಗೆ ಎರಡೆರಡು ರೇಟು ಕಾಣಿಸತ್ತೆ. ಒಂದು ಎಲ್ಲರಿಗೂ. ಇನ್ನೊಂದು ಕ್ಲಬ್‌ಕಾರ್ಡ್ ಇರೋರಿಗೆ ಮಾತ್ರ, ಅದು ಕಡಿಮೆ. ಕಾರ್ಡ್ ಪುಕ್ಕಟೆ ಸಿಗತ್ತೆ. ಆದರೂ ಅಲ್ಲಿನ ಗ್ರಾಹಕರಲ್ಲಿ ಎಷ್ಟೋ ಜನಕ್ಕೆ ಇದರ ಮೇಲೆ ಸಿಟ್ಟು. ಕಾರ್ಡ್ ಇದ್ದವರಿಗೆ ಡಿಸ್ಕೌಂಟ್ ಅನ್ನೋದು ಹೆಸರಿಗೆ, ನಿಜವಾಗಿ ಕಾರ್ಡ್ ಇಲ್ಲದವರಿಗೆ ದಂಡ ಹಾಕ್ತಾರೆ ಅನ್ನೋದು ಅವರ ದೂರು.

ಈ ದೂರು ಎಷ್ಟು ಸರಿ? ಇದನ್ನು ಲೆಕ್ಕ ಹಾಕಿಯೇ ನೋಡಬಹುದು. ಬನ್ನಿ, ಒಂದೊಂದೇ ಹೆಜ್ಜೆ ಇಡೋಣ.

ಹೆಜ್ಜೆ 1: ಪಾಯಿಂಟ್‌ನಿಂದ ರೇಟಿಗೆ

ಟೆಸ್ಕೋ ಕ್ಲಬ್‌ಕಾರ್ಡ್ ಶುರುವಾಗಿದ್ದು 1995ರಲ್ಲಿ. ಅದರ ಹಿಂದೆ ಇದ್ದದ್ದು ಕ್ಲೈವ್ ಹಂಬಿ ಮತ್ತು ಎಡ್ವಿನಾ ಡನ್ ದಂಪತಿಯ ಡನ್‌ಹಂಬಿ ಅನ್ನೋ ಡೇಟಾ ಕಂಪನಿ. ಹಂಬಿ ಗಣಿತ ಓದಿದವರು. ಆಗ ಕಾರ್ಡ್ ಕೊಡ್ತಿದ್ದದ್ದು ಪಾಯಿಂಟ್, ಅಂದರೆ ಖರ್ಚಿನ ಸುಮಾರು ಶೇ. 1ರಷ್ಟು ವೋಚರ್ ರೂಪದಲ್ಲಿ ವಾಪಸ್. ಕಾರ್ಡ್ ಮರೆತು ಹೋದರೆ ನಷ್ಟ ಅಷ್ಟೇ, ಯಾರೂ ತಲೆ ಕೆಡಿಸಿಕೊಳ್ತಿರಲಿಲ್ಲ.

2019ರಲ್ಲಿ ಕ್ಲಬ್‌ಕಾರ್ಡ್ ಪ್ರೈಸಸ್ ಬಂತು. 2023ರಲ್ಲಿ ಸೇನ್ಸ್‌ಬರೀಸ್ ಕೂಡ ನೆಕ್ಟರ್ ಪ್ರೈಸಸ್ ಶುರು ಮಾಡಿತು. ಈಗ ವ್ಯತ್ಯಾಸ ಶೇ. 1 ಅಲ್ಲ, ಕೆಲವು ಸಾಮಾನಿಗೆ ಶೇ. 20ಕ್ಕೂ ಮೇಲೆ. ಅದೇ ಸಮಯದಲ್ಲಿ ಅಲ್ಲಿ ದಿನಸಿ ರೇಟೂ ವಿಪರೀತ ಏರಿತ್ತು. ಸಿಟ್ಟು ಹುಟ್ಟಿದ್ದು ಇಲ್ಲಿ.

ಹೆಜ್ಜೆ 2: ಎರಡು ರೇಟಿನಿಂದ ಅಂಗಡಿಗೆ ಏನು ಲಾಭ?

ಎಕನಾಮಿಕ್ಸ್‌ನಲ್ಲಿ ಇದಕ್ಕೆ ಪ್ರೈಸ್ ಡಿಸ್ಕ್ರಿಮಿನೇಷನ್ ಅಂತಾರೆ. ಎ. ಸಿ. ಪಿಗೂ 1920ರಲ್ಲೇ ಇದನ್ನು ಮೂರು ಬಗೆಯಾಗಿ ವಿಂಗಡಿಸಿದ್ದರು. ನಾವು ಒಂದು ಕಾಲ್ಪನಿಕ ಜಾಮ್ ಬಾಟಲಿ ತಗೊಳ್ಳೋಣ. ಅಂಗಡಿಗೆ ಬೀಳೋ ಖರ್ಚು 1.50 ಪೌಂಡ್. ಗ್ರಾಹಕರು 100 ಜನ. ಅದರಲ್ಲಿ 40 ಜನ 4 ಪೌಂಡ್ ಆದರೂ ಕೊಡ್ತಾರೆ. ಉಳಿದ 60 ಜನ 2.50 ದಾಟಿದರೆ ಕೊಳ್ಳೋದಿಲ್ಲ.

ಎಲ್ಲರಿಗೂ 4 ಪೌಂಡ್ ಇಟ್ಟರೆ: 40 × 2.50 = 100 ಪೌಂಡ್ ಲಾಭ.
ಎಲ್ಲರಿಗೂ 2.50 ಇಟ್ಟರೆ: 100 × 1 = 100 ಪೌಂಡ್ ಲಾಭ.
40 ಜನಕ್ಕೆ 4, 60 ಜನಕ್ಕೆ 2.50 ಇಟ್ಟರೆ: 100 + 60 = 160 ಪೌಂಡ್ ಲಾಭ.

ಅದೇ ಬಾಟಲಿ, ಅದೇ ಜನ, ಲಾಭ ಮಾತ್ರ ಒಂದೂವರೆ ಪಟ್ಟಿಗಿಂತ ಜಾಸ್ತಿ. ಆದರೆ ಯಾರು ಯಾವ ಗುಂಪು ಅಂತ ಹಣೆ ಮೇಲೆ ಬರೆದಿರಲ್ಲ. ಕಾರ್ಡ್ ಇಲ್ಲಿ ಜರಡಿ ಥರ ಕೆಲಸ ಮಾಡತ್ತೆ. ರೇಟಿನ ಬಗ್ಗೆ ಚಿಂತೆ ಇರೋರು ಕಾರ್ಡ್ ಮಾಡಿಸ್ತಾರೆ, ಇಲ್ಲದವರು ಬಿಡ್ತಾರೆ.

ಆದರೆ ಈ ಜರಡಿಯ ಕಣ್ಣು ತುಂಬ ದೊಡ್ಡದು. ಕಾರ್ಡ್ ಪುಕ್ಕಟೆ ಆದ್ದರಿಂದ 4 ಪೌಂಡ್ ಕೊಡಬಲ್ಲವರೂ ಮಾಡಿಸ್ತಾರೆ. 100ರಲ್ಲಿ 90 ಜನ ಕಾರ್ಡ್ ಹಿಡಿದು ಬಂದರೆ ಲಾಭ 10 × 2.50 + 90 × 1 = 115 ಮಾತ್ರ. 160 ಇದ್ದದ್ದು 115ಕ್ಕೆ ಇಳೀತು. ಹಾಗಿದ್ದೂ ಅಂಗಡಿ ಯಾಕೆ ಎಲ್ಲರಿಗೂ ಕಾರ್ಡ್ ಮಾಡಿಸಿ ಅನ್ನತ್ತೆ? ಯಾಕೆಂದರೆ ಪ್ರತಿ ಬಿಲ್ ಈಗ ಒಬ್ಬ ಮನುಷ್ಯನ ಹೆಸರಿಗೆ ಸೇರತ್ತೆ. ಯಾರು ಏನು ಕೊಂಡರು, ಯಾವಾಗ, ಯಾವುದರ ಜೊತೆ ಅನ್ನೋದೆಲ್ಲ ಗೊತ್ತಾಗತ್ತೆ. ಅದರಿಂದ ಆಫರ್ ಕಳಿಸಬಹುದು, ಬ್ರ್ಯಾಂಡ್‌ಗಳಿಗೆ ಜಾಹೀರಾತಿನ ಜಾಗ ಮಾರಬಹುದು. ಅಂದರೆ ಎರಡು ರೇಟಿನ ನಡುವಿನ ಅಂತರವೇ ನಮ್ಮ ಮಾಹಿತಿಗೆ ಅಂಗಡಿ ಕಟ್ಟುವ ಬೆಲೆ.

ಹೆಜ್ಜೆ 3: ಡಿಸ್ಕೌಂಟ್ ನಿಜವೋ ಸುಳ್ಳೋ?

ದೂರಿನ ಮುಖ್ಯ ಭಾಗ ಇದು. ಒಂದು ಸಾಮಾನು ಹತ್ತು ವಾರ 2.50ಕ್ಕೆ ಮಾರಾಟ ಆಯ್ತು ಅನ್ನಿ. ಆಮೇಲೆ ಎರಡು ವಾರ 3.40 ಮಾಡಿದರು. ಈಗ ಕಾರ್ಡ್ ರೇಟು 2.50, ಮಾಮೂಲಿ ರೇಟು 3.40 ಅಂತ ಚೀಟಿ ಹಾಕಿದರೆ ಕಾಗದದ ಮೇಲೆ ಶೇ. 26 ಉಳಿತಾಯ. ನಿಜವಾದ ಉಳಿತಾಯ ಸೊನ್ನೆ. ಭಾಗಿಸುವಾಗ ಕೆಳಗೆ ಯಾವ ಸಂಖ್ಯೆ ಇಡ್ತೀವಿ ಅನ್ನೋದರ ಮೇಲೆ ಉತ್ತರ ನಿಂತಿರತ್ತೆ.

ಬ್ರಿಟನ್‌ನಲ್ಲಿ ಈ ಅನುಮಾನ ಜಾಸ್ತಿ ಬರೋಕೆ ಒಂದು ಕಾರಣ, ಅಲ್ಲಿ ನಮ್ಮ ಥರ ಎಂಆರ್‌ಪಿ ಇಲ್ಲ. ತಯಾರಕರು ಅಂಗಡಿಯ ರೇಟನ್ನು ಕಟ್ಟಿಹಾಕೋದನ್ನು ಬಹುತೇಕ ಸರಕುಗಳಿಗೆ 1964ರ ಕಾಯ್ದೆ ತಡೆಯಿತು. ಹಾಗಾಗಿ ಮಾಮೂಲಿ ರೇಟು ಯಾವುದು ಅಂತ ಹೇಳೋದು ಅಂಗಡಿಯೇ, ಡಿಸ್ಕೌಂಟ್ ಎಷ್ಟು ಅಂತ ಹೇಳೋದೂ ಅಂಗಡಿಯೇ.

ಅಲ್ಲಿನ ಕಾಂಪಿಟಿಷನ್ ಅಂಡ್ ಮಾರ್ಕೆಟ್ಸ್ ಅಥಾರಿಟಿ ಇದನ್ನು ಪರೀಕ್ಷಿಸಿ 2024ರ ನವೆಂಬರ್‌ನಲ್ಲಿ ವರದಿ ಕೊಟ್ಟಿತು. ಐದು ಸೂಪರ್‌ಮಾರ್ಕೆಟ್‌ಗಳ ಸುಮಾರು 50,000 ಸಾಮಾನುಗಳನ್ನು ನೋಡಿತ್ತು. ಶೇ. 92ರಷ್ಟರಲ್ಲಿ ಮಾಮೂಲಿ ರೇಟಿಗೆ ಹೋಲಿಸಿದರೆ ಉಳಿತಾಯ ನಿಜವಾದದ್ದು ಅಂತ ಬಂತು. ಅದೇ ವರದಿಯ ಸರ್ವೆಯಲ್ಲಿ ಶೇ. 55 ಗ್ರಾಹಕರು ಮಾಮೂಲಿ ರೇಟನ್ನು ಬೇಕಂತಲೇ ಏರಿಸ್ತಾರೆ ಅಂತ ನಂಬಿದ್ದರು.

ಈ ಎರಡು ಸಂಖ್ಯೆಗಳನ್ನು ಹುಷಾರಾಗಿ ಓದಬೇಕು. ಉಳಿದ ಶೇ. 8 ಅಂದರೆ 4,000 ಸಾಮಾನು. ಅವೆಲ್ಲ ಮೋಸ ಅಂತ ಅರ್ಥ ಅಲ್ಲ. ಹಾಗೆಯೇ ಶೇ. 92 ನಿಜ ಅಂದರೆ ಕಾರ್ಡ್ ರೇಟೇ ಎಲ್ಲಕ್ಕಿಂತ ಅಗ್ಗ ಅಂತಲೂ ಅಲ್ಲ. ಪಕ್ಕದ ಅಂಗಡಿಯಲ್ಲಿ ಕಾರ್ಡ್ ಇಲ್ಲದೆಯೇ ಇನ್ನೂ ಕಡಿಮೆಗೆ ಸಿಗಬಹುದು ಅನ್ನೋದನ್ನು ಆ ವರದಿಯೇ ಹೇಳಿದೆ.

ಹೆಜ್ಜೆ 4: ಹಾಗಾದರೆ ಸಿಟ್ಟು ಸುಳ್ಳಾ?

ಇಲ್ಲ ಅಂತ ನಮ್ಮ ಅಭಿಪ್ರಾಯ. ಡಿಸ್ಕೌಂಟ್ ನಿಜ ಆದಷ್ಟೂ ಕಾರ್ಡ್ ಇಲ್ಲದವರು ಕಳೆದುಕೊಳ್ಳೋದೂ ನಿಜ. ಯಾರವರು? ಸ್ಮಾರ್ಟ್‌ಫೋನ್ ಬಳಸದ ಅಜ್ಜ ಅಜ್ಜಿಯರು, ಕಾರ್ಡಿಗೆ 18 ವರ್ಷ ಆಗಿರಬೇಕು ಅನ್ನೋ ಕಡೆ ಚಿಕ್ಕ ಹುಡುಗರು, ತಮ್ಮ ಮಾಹಿತಿ ಕೊಡೋಕೆ ಇಷ್ಟ ಇಲ್ಲದವರು. ಮೊದಲ ಲೆಕ್ಕದಲ್ಲಿ 4 ಪೌಂಡ್ ಕೊಡೋರು ಅನುಕೂಲಸ್ಥರು ಅಂದುಕೊಂಡಿದ್ದೆವು. ನಿಜ ಜೀವನದಲ್ಲಿ ಆ ಸಾಲಿನಲ್ಲಿ ಕೈಲಾಗದವರೂ ನಿಂತಿರ್ತಾರೆ. ಜರಡಿಗೆ ಈ ಎರಡು ಗುಂಪಿನ ವ್ಯತ್ಯಾಸ ಗೊತ್ತಾಗಲ್ಲ.

ಇನ್ನೊಂದು ತೊಂದರೆ ಯೂನಿಟ್ ರೇಟು. 400 ಗ್ರಾಂ ಪ್ಯಾಕಿಗೆ ಕಾರ್ಡ್ ರೇಟು 1.80, ಆಫರ್ ಇಲ್ಲದ 750 ಗ್ರಾಂ ಪ್ಯಾಕಿಗೆ 3.15 ಅನ್ನಿ. 100 ಗ್ರಾಂಗೆ ಮೊದಲನೆಯದು 45 ಪೆನ್ಸ್, ಎರಡನೆಯದು 42. ಆಫರ್ ಇಲ್ಲದ್ದೇ ಅಗ್ಗ! ಕ್ಲಬ್‌ಕಾರ್ಡ್ ಚೀಟಿಗಳಲ್ಲಿ ಯೂನಿಟ್ ರೇಟು ಸರಿಯಾಗಿ ತೋರಿಸ್ತಿಲ್ಲ ಅಂತ ವಿಚ್? ಅನ್ನೋ ಗ್ರಾಹಕ ಸಂಸ್ಥೆ 2023ರಲ್ಲಿ ದೂರಿದ್ದು ಇದಕ್ಕೇ.

ನಮಗೇನು?

ನಮ್ಮ ಸೀನಿಯರ್‌ಗಳಲ್ಲಿ ಮಾಸ್ಟರ್ಸ್‌ಗೆ ಬ್ರಿಟನ್‌ಗೆ ಹೋಗೋರು ಇದ್ದಾರೆ. ಅವರು ಹೋದ ಮೊದಲ ವಾರವೇ ಕಾರ್ಡ್ ಮಾಡಿಸೋದು ಒಳ್ಳೇದು, ಆದರೆ ಯೂನಿಟ್ ರೇಟು ನೋಡೋದನ್ನು ಬಿಡಬಾರದು.

ಇಲ್ಲಿಯೇ ಇರೋ ನಮಗೆ ಎಂಆರ್‌ಪಿ ಅನ್ನೋ ಮೇಲ್ಮಿತಿ ಇದೆ, ಅದು ದೊಡ್ಡ ಅನುಕೂಲ. ಆದರೆ ಎಂಆರ್‌ಪಿ ಅಂದರೆ ಮಾಮೂಲಿ ರೇಟಲ್ಲ, ಗರಿಷ್ಠ ರೇಟು. ಅದಕ್ಕೆ ಹೋಲಿಸಿ ತೋರಿಸಿದ ಉಳಿತಾಯವನ್ನೂ ಹೆಜ್ಜೆ 3ರ ಹಾಗೆ ಪರೀಕ್ಷೆ ಮಾಡಬೇಕು. ಬಿಲ್ಲಿಂಗ್ ಕೌಂಟರ್‌ನಲ್ಲಿ ಮೊಬೈಲ್ ನಂಬರ್ ಕೇಳೋದೂ ಇದೇ ಕಾರ್ಡಿನ ತಮ್ಮನೇ. ನಂಬರ್ ಕೊಡಲೇಬೇಕು ಅಂತ ಒತ್ತಾಯ ಮಾಡಬಾರದು ಅಂತ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರಲ್ಲೇ ಅಂಗಡಿಗಳಿಗೆ ಸೂಚನೆ ಕೊಟ್ಟಿದೆ. ಕೊಡೋದು ಬಿಡೋದು ನಮ್ಮಿಷ್ಟ.

ಕೊನೆಗೆ ಒಂದು ಕೆಲಸ. ನೀವು ವಾರವಾರ ಕೊಳ್ಳೋ ಒಂದೇ ಒಂದು ಸಾಮಾನು ಆರಿಸಿಕೊಳ್ಳಿ. ಎಂಟು ವಾರ ಅದರ ರೇಟು, ತೂಕ, ಆಫರ್ ಮೂರನ್ನೂ ಬರೆದಿಡಿ. ಹೆಚ್ಚು ವಾರ ಇದ್ದ ರೇಟನ್ನು ಕೆಳಗಿಟ್ಟು ಡಿಸ್ಕೌಂಟ್ ಲೆಕ್ಕ ಹಾಕಿ, ಚೀಟಿಯಲ್ಲಿ ಬರೆದಿರೋ ಶೇಕಡಾವಾರಿನ ಪಕ್ಕದಲ್ಲಿಟ್ಟು ನೋಡಿ. ಏನು ಬಂತು ಅಂತ ಬರೆದು ಕಳಿಸಿ, ಮುಂದಿನ ಸಂಚಿಕೆಗೆ ಎಲ್ಲರ ಲೆಕ್ಕ ಸೇರಿಸಿ ಒಂದು ಗ್ರಾಫ್ ಮಾಡೋಣ.