ಹಳೆಯ ಜೀಪಿಗೆ ತಕ್ಕ ಕಮಾನುಗಳನ್ನು ಆರಿಸುವ ಬಗೆ

ಧಾರವಾಡ ಜಿಲ್ಲೆಯ ಎರೆಭೂಮಿಯಲ್ಲಿ ಮಳೆಗಾಲದ ಹೊಲದ ಹಾದಿಯು ಎಂಥದೆಂಬುದನ್ನು ವಾಚಕರಿಗೆ ಹೊಸದಾಗಿ ಹೇಳಬೇಕಾದ್ದಿಲ್ಲ. ಬೆಣ್ಣೆಹಳ್ಳಕ್ಕೆ ನೀರು ಬಂದ ದಿವಸಗಳಲ್ಲಿ ನವಲಗುಂದ, ಅಣ್ಣಿಗೇರಿಗಳ ಕಡೆಗೆ ಚಕ್ಕಡಿಯ ಗಾಲಿಗಳೇ ಕೆಸರಿನಲ್ಲಿ ಹೂತು ನಿಲ್ಲುವವು. ಇಂಥ ನೆಲದಲ್ಲಿ ನಾಲ್ಕೂ ಗಾಲಿಗಳಿಗೆ ಯಂತ್ರದ ಬಲವು ಮುಟ್ಟುವ ಜೀಪು ಒಕ್ಕಲುತನಕ್ಕೆ ಒದಗಿದ್ದು ಸಹಜವೇ. ಎರಡನೆಯ ಮಹಾಯುದ್ಧದ ಕಾಲಕ್ಕೆ ಅಮೇರಿಕೆಯ ಸೈನ್ಯಕ್ಕಾಗಿ ಹುಟ್ಟಿದ ವಿಲಿಸ್ ಜೀಪನ್ನು ಮಹೀಂದ್ರ ಕಂಪನಿಯವರು 1949ರಿಂದ ಮುಂಬಯಿಯಲ್ಲಿ ಜೋಡಿಸತೊಡಗಿದರು. ಅದರ ಸಂತತಿಯಾದ ಸಿಜೆ 3ಬಿ, ಸಿಜೆ 500ಡಿ, ಎಂಎಂ 540 ಮೊದಲಾದವುಗಳು ಇಂದಿಗೂ ಜಮೀನುದಾರರ ಮನೆಗಳಲ್ಲಿ ಕಾಣಸಿಗುತ್ತವೆ. ಇವುಗಳ ಯಂತ್ರವು ಬದಲಾಗಿರಬಹುದು, ಮೈಯ ತಗಡು ಬದಲಾಗಿರಬಹುದು. ಆದರೆ ನಾಲ್ಕು ಮೂಲೆಗಳಲ್ಲಿಯೂ ಭಾರವನ್ನು ಹೊರುವವು ಒಂದರ ಕೆಳಗೊಂದು ಅಡಕಿದ ಉಕ್ಕಿನ ಪಟ್ಟಿಗಳೇ. ಇಡಿಯ ಕಟ್ಟಿಗೆ ಕಮಾನು ಎಂತಲೂ ಅದರೊಳಗಿನ ಒಂದೊಂದು ಪಟ್ಟಿಗೆ ಪಾಟಾ ಎಂತಲೂ ಈ ಲೇಖನದಲ್ಲಿ ಕರೆಯಲಾಗಿದೆ.

ವರ್ಷಗಳು ಕಳೆದಂತೆ ಜೀಪು ಹಿಂದಕ್ಕೆ ಜಗ್ಗುತ್ತದೆ, ಇಲ್ಲವೆ ಒಂದು ಮಗ್ಗುಲಿಗೆ ವಾಲುತ್ತದೆ. ಆಗ ಯಜಮಾನರು ಮಿಸ್ತ್ರಿಗೆ ಹೇಳುವ ಮಾತು ಒಂದೇ: "ಇನ್ನೆರಡು ಪಾಟಾ ಏರಿಸಿ ಬಿಡು." ಈ ಮಾತಿನಲ್ಲಿಯೇ ತಪ್ಪು ಅಡಗಿರುತ್ತದೆ. ಯಾಕಂದರೆ ಕುಸಿದ ಕಮಾನು ಮೆತ್ತಗಾಗಿರುವದಿಲ್ಲ. ಅದರ ಬಾಗು ಮಾತ್ರ ಹೋಗಿರುತ್ತದೆ. ಹೊಸದಿದ್ದಾಗ ನೂರು ಕಿಲೋಗ್ರಾಮಿಗೆ ಎರಡು ಸೆಂಟಿಮೀಟರು ಇಳಿಯುತ್ತಿದ್ದ ಕಮಾನು ಕುಸಿದ ಮೇಲೆಯೂ ಹೆಚ್ಚುಕಡಿಮೆ ಅಷ್ಟೇ ಇಳಿಯುತ್ತದೆ. ಅದು ಇಳಿಯತೊಡಗುವ ಎತ್ತರವು ಮಾತ್ರ ತಗ್ಗಿರುತ್ತದೆ. ಆದಕಾರಣ ಅದಕ್ಕೆ ಬೇಕಾದದ್ದು ಮೊದಲಿನ ಬಿಗುವೇ ಇದ್ದು ಸರಿಯಾದ ಬಾಗುಳ್ಳ ಕಮಾನು. ಹೆಚ್ಚಿನ ಪಾಟಾಗಳಿಂದ ಎತ್ತರವು ಮರಳಿ ಬಂದೀತು. ಅದರ ಜೊತೆಗೆ ಬೇಡದ ಬಿಗುವೂ ಬರುವದು.

ಬಿಗುವು ಎಷ್ಟು ಬೇಗನೆ ಏರುತ್ತದೆಂಬುದನ್ನು ತಿಳಿದರೆ ಆಶ್ಚರ್ಯವಾದೀತು. ಸಮನಾದ ಐದು ಪಾಟಾಗಳಿಗೆ ಅಂಥದೇ ಆರನೆಯದನ್ನು ಕೂಡಿಸಿದರೆ ಸುಮಾರು ಐದರಲ್ಲಿ ಒಂದು ಪಾಲಿನಷ್ಟು ಬಿಗುವು ಹೆಚ್ಚುತ್ತದೆ. ದಪ್ಪದ ಲೆಕ್ಕವಾದರೋ ಬೇರೆ. ಅದು ಘನದ ಪ್ರಮಾಣದಲ್ಲಿ ಏರುತ್ತದೆ. 6 ಮಿಲಿಮೀಟರಿನ ಪಾಟಾಗಳ ಬದಲು 7 ಮಿಲಿಮೀಟರಿನವುಗಳನ್ನು ಹಾಕಿದರೆ 216ಕ್ಕೆ 343ರಂತೆ, ಅಂದರೆ ನೂರಕ್ಕೆ ಸುಮಾರು 59ರಷ್ಟು, ಬಿಗುವು ಹೆಚ್ಚುವದು. ಕಣ್ಣಿಗೆ ಕಾಣದಷ್ಟು ಅಂತರ. ಆದರೆ ಕುಳಿತವರ ಬೆನ್ನಿಗೆ ಕೂಡಲೇ ತಿಳಿಯುತ್ತದೆ.

ಬೆನ್ನುನೋವು ಸಹಿಸಬಹುದಾದದ್ದು. ಅದಕ್ಕಿಂತ ದೊಡ್ಡ ಹಾನಿಯು ಹೊಲದಲ್ಲಿಯೇ ಆಗುವದು. ನಾಲ್ಕು ಗಾಲಿಗಳ ಬಲವು ಉಪಯೋಗಕ್ಕೆ ಬರಬೇಕಾದರೆ ನಾಲ್ಕೂ ಗಾಲಿಗಳು ನೆಲಕ್ಕೆ ಹತ್ತಿರಬೇಕು. ಬಿಗಿಯಾದ ಕಮಾನು ತಗ್ಗುದಿಣ್ಣೆಗಳಿಗೆ ತಕ್ಕಂತೆ ಬಾಗದೆ ಒಂದು ಗಾಲಿಯನ್ನು ಮೇಲಕ್ಕೆ ಎತ್ತಿ ಹಿಡಿಯುತ್ತದೆ. ಅಚ್ಚಿನೊಳಗಿನ ಹಲ್ಲುಗಾಲಿಗಳ ಸ್ವಭಾವದಿಂದ ಯಂತ್ರದ ಬಲವೆಲ್ಲ ಆ ತೇಲುವ ಗಾಲಿಗೇ ಹರಿದುಹೋಗಿ, ಕೆಸರಿನಲ್ಲಿರುವ ಗಾಲಿಯು ಸುಮ್ಮನೆ ನಿಲ್ಲುವದು. ಅಲ್ಲದೆ ಕಮಾನು ನುಂಗಬೇಕಾದ ಪೆಟ್ಟು ಚಾಸಿಗೆ ಬಿದ್ದು, ಕಮಾನನ್ನು ತೂಗುಹಾಕಿದ ಕಡೆಗಳಲ್ಲಿ ಬಿರುಕುಗಳು ಹುಟ್ಟುತ್ತವೆ. ಪಾಟಾಗಳನ್ನು ಹೆಚ್ಚಿಸಿದ ಮಾತ್ರಕ್ಕೆ ಬ್ರೇಕುಗಳ ಶಕ್ತಿಯು ಹೆಚ್ಚುವದಿಲ್ಲ, ನೋಂದಣಿ ಪತ್ರದಲ್ಲಿ ಬರೆದ ಭಾರದ ಮಿತಿಯೂ ಹೆಚ್ಚುವದಿಲ್ಲ. ಹತ್ತಿ ಬಿಡಿಸುವ ಆಳುಗಳನ್ನು ಆ ನಂಬಿಕೆಯ ಮೇಲೆ ತುಂಬಿ ಒಯ್ಯುವವರು ಇದನ್ನು ಅವಶ್ಯವಾಗಿ ಲಕ್ಷ್ಯದಲ್ಲಿಡತಕ್ಕದ್ದು.

ಕೊಳ್ಳುವ ಮೊದಲು ದೋಷವು ಕಮಾನಿನದೇ ಹೌದೋ ಎಂದು ನೋಡಬೇಕು. ಸವೆದ ಬುಶ್ಶುಗಳು, ತುಕ್ಕು ತಿಂದ ಶಾಕಲ್ಲು, ಗಾಳಿ ಕಡಿಮೆಯಾದ ಟಾಯರು ಇವುಗಳಿಂದಲೂ ಜೀಪು ವಾಲುವದುಂಟು. ಸಮನೆಲದಲ್ಲಿ ನಿಲ್ಲಿಸಿ, ಗಾಳಿ ಸರಿಮಾಡಿ, ಅಚ್ಚಿನಿಂದ ಚಾಸಿಯವರೆಗಿನ ಅಂತರವನ್ನು ನಾಲ್ಕೂ ಕಡೆ ಅಳೆದರೆ ಸಂಶಯವು ಬಹುಮಟ್ಟಿಗೆ ತೀರುವದು.

ಬಳಿಕ ಭಾರದ ವಿಚಾರ. ಅಮರಗೋಳದ ಮಾರುಕಟ್ಟೆಗೆ ಮಾಲು ಒಯ್ಯುವಾಗ ವಾಹನದ ಕಾಟಾದ ಮೇಲೆ ಮುಂದಿನ ಅಚ್ಚನ್ನೂ ಹಿಂದಿನ ಅಚ್ಚನ್ನೂ ಬೇರೆಬೇರೆಯಾಗಿ, ಬರಿದಾಗಿ ಒಮ್ಮೆ, ದಿನದ ರೂಢಿಯ ಹೇರಿನೊಡನೆ ಒಮ್ಮೆ ತೂಗಿಸಿ ಬರೆದಿಟ್ಟುಕೊಳ್ಳುವದು. ವರ್ಷಕ್ಕೊಮ್ಮೆ ಸುಗ್ಗಿಯಲ್ಲಿ ಹೇರುವ ಭಾರವನ್ನಲ್ಲ, ವರ್ಷವೆಲ್ಲ ಹೇರುವ ಭಾರವನ್ನು ನೋಡಿ ಆರಿಸಬೇಕು. ಬಿಗುವನ್ನು ಮನೆಯಲ್ಲಿಯೇ ಅಳೆಯಬಹುದು. ಹಿಂದಿನ ಅಚ್ಚಿನ ನೇರ ಮೇಲೆ 50 ಕಿಲೋಗ್ರಾಮಿನ ನಾಲ್ಕು ಜೋಳದ ಚೀಲಗಳನ್ನಿಟ್ಟಾಗ ಚಾಸಿಯು ಎರಡು ಸೆಂಟಿಮೀಟರು ಇಳಿದರೆ, ಒಂದೊಂದು ಕಮಾನಿಗೆ ನೂರು ಕಿಲೋಗ್ರಾಮು ಬಿದ್ದಂತಾಗಿ, ಅದರ ಬಿಗುವು ಸೆಂಟಿಮೀಟರಿಗೆ 50 ಕಿಲೋಗ್ರಾಮು ಎಂದಾಯಿತು. ಈ ಅಂಕಿಯನ್ನು ಹೇಳಿದರೆ ಕಮಾನು ಕಟ್ಟುವವನು ಊಹೆಯಿಂದ ಕೆಲಸಮಾಡುವ ಪ್ರಸಂಗವೇ ಬರುವದಿಲ್ಲ. ಪೆಟ್ರೋಲು ಯಂತ್ರವನ್ನು ತೆಗೆಸಿ ಡೀಜೆಲ್ಲಿನದನ್ನು ಕೂಡ್ರಿಸಿದ ಜೀಪುಗಳಲ್ಲಿ ಮುಂದಿನ ಭಾರವು ಸಾಮಾನ್ಯವಾಗಿ ಏರಿರುತ್ತದೆ. ಅಂಥವುಗಳಿಗೆ ಮೂಲ ಮಾದರಿಯ ಮುಂದಿನ ಕಮಾನು ಸಾಲದು. ಪಾಟಾಗಳನ್ನು ತುಸು ಹೆಚ್ಚಿಸುವದು ನ್ಯಾಯವಾಗಿರುವ ಸಂದರ್ಭವು ಇದೊಂದೇ ಎನ್ನಬಹುದು.

ಅಳತೆಗಳಲ್ಲಿ ಹೆಸರನ್ನು ನಂಬಕೂಡದು. ವಿಲಿಸ್ ಕಾಲದ ಪಾಟಾದ ಅಗಲ 1¾ ಅಂಗುಲ. ಮುಂದಿನ ಎಲ್ಲ ಮಾದರಿಗಳದೂ ಅದೇ ಎಂದು ಭಾವಿಸಿ ಪೇಟೆಗೆ ಹೋದವರು ಬರಿಗೈಯಲ್ಲಿ ಬಂದಾರು. ಅಗಲ, ಪ್ರತಿಯೊಂದು ಪಾಟಾದ ದಪ್ಪ, ಕಣ್ಣುಗಳ ಒಳವ್ಯಾಸ, ಇವುಗಳ ಜೊತೆಗೆ ನಡುವಿನ ಬೋಲ್ಟಿನಿಂದ ಎರಡೂ ಕಣ್ಣುಗಳಿಗಿರುವ ದೂರವನ್ನು ಬೇರೆಬೇರೆಯಾಗಿ ಬರೆದುಕೊಳ್ಳಬೇಕು. ಆ ಬೋಲ್ಟು ಎಲ್ಲ ಕಮಾನುಗಳಲ್ಲಿಯೂ ಸರಿಯಾಗಿ ಮಧ್ಯಕ್ಕೇ ಇರುವದಿಲ್ಲ. ತಿರುಗುಮುರುಗಾಗಿ ಹಾಕಿದರೆ ಅಚ್ಚೇ ಹಿಂದುಮುಂದಾಗುವದು.

ಗುಜರಿಯಲ್ಲಿ ಅಗ್ಗಕ್ಕೆ ಸಿಕ್ಕುವ ಕಮಾನಿನ ಆಯುಷ್ಯವು ಎಷ್ಟು ಕಳೆದಿದೆಯೆಂಬುದು ನೋಟಕ್ಕೆ ತಿಳಿಯುವಂತಿಲ್ಲ. ಮುರಿದ ಪಾಟಾವನ್ನು ವೆಲ್ಡಿಂಗ್ ಮಾಡಿಸುವದಂತೂ ಕೂಡದು. ಈ ಉಕ್ಕನ್ನು ಸುಮಾರು 850ರಿಂದ 900 ಡಿಗ್ರಿಗೆ ಕಾಯಿಸಿ, ಎಣ್ಣೆಯಲ್ಲಿ ತಣಿಸಿ, ಮತ್ತೆ 450ರಿಂದ 550 ಡಿಗ್ರಿಗೆ ಕಾಯಿಸಿ ಹದಗೊಳಿಸಿರುತ್ತಾರೆ. ಬೆಸುಗೆಯ ಉರಿಯಲ್ಲಿ ಆ ಹದವು ಕೆಡುತ್ತದೆ. ಕಣ್ಣುಗಳುಳ್ಳ ಮುಖ್ಯ ಪಾಟಾವು ಓಟದಲ್ಲಿ ತುಂಡಾದರೆ ಅಚ್ಚು ಸರಿದು, ಸ್ಟೇರಿಂಗು ಕೈಯಲ್ಲಿದ್ದೂ ಜೀಪು ಕೈತಪ್ಪುವದು. ಕುಲುಮೆಯಲ್ಲಿ ಕಾಯಿಸಿ ಬಡಿದು ಬಾಗು ಬರಿಸುವದಕ್ಕೂ ಇದೇ ಆಕ್ಷೇಪಣೆ. ಮೇಲಿನ ಕ್ರಮದಲ್ಲಿ ಮತ್ತೆ ಹದಗೊಳಿಸುವ ಕಾರಖಾನೆಯಿದ್ದರೆ ಮಾತ್ರ ಆ ಕೆಲಸಕ್ಕೆ ಹಣ ಹಾಕುವದು ಯೋಗ್ಯ. ಎತ್ತರದ ಮೋಹದಿಂದ ಉದ್ದನೆಯ ಶಾಕಲ್ಲು ಹಾಕಿಸುವವರೂ ಇದ್ದಾರೆ. ಮುಂದಿನ ಅಚ್ಚಿನ ಓರೆಯು ಅದರಿಂದ ಬದಲಾಗಿ ಸ್ಟೇರಿಂಗು ಅಲೆದಾಡುತ್ತದೆ.

ಎಡಬಲದ ಕಮಾನುಗಳನ್ನು ಜೊತೆಯಾಗಿಯೇ ಬದಲಿಸತಕ್ಕದ್ದು. ಯು-ಬೋಲ್ಟುಗಳು ಒಮ್ಮೆ ಜಗ್ಗಿದವಾದ್ದರಿಂದ ಹೊಸವನ್ನೇ ಕೊಳ್ಳಬೇಕು. ಇದರಲ್ಲಿ ಉಳಿತಾಯ ಮಾಡಿದರೆ ಕಮಾನು ನಡುವಿನ ಬೋಲ್ಟಿನ ಹತ್ತಿರವೇ ಮುರಿಯುವ ಭಯವುಂಟು. ರಬ್ಬರಿನ ಬುಶ್ಶುಗಳಿದ್ದಲ್ಲಿ ಜೀಪನ್ನು ಜ್ಯಾಕಿನಿಂದ ಇಳಿಸಿ, ಭಾರವು ಗಾಲಿಗಳ ಮೇಲೆ ಬಿದ್ದ ಬಳಿಕವೇ ಕಣ್ಣಿನ ಬೋಲ್ಟುಗಳನ್ನು ಕೊನೆಯ ಬಿಗಿತಕ್ಕೆ ತರಬೇಕು. ಇಲ್ಲವಾದರೆ ರಬ್ಬರು ತಿರುಚಿಕೊಂಡು ಬೇಗನೆ ಹರಿಯುವದು. ಸುಮಾರು 500 ಕಿಲೋಮೀಟರು ಓಡಿದ ಮೇಲೆ ಯು-ಬೋಲ್ಟುಗಳನ್ನು ಇನ್ನೊಮ್ಮೆ ಬಿಗಿಸಿ, ಅಚ್ಚಿನಿಂದ ಚಾಸಿಯವರೆಗಿನ ಅಂತರವನ್ನು ಅಳೆದು ಕಾಟಾದ ಅಂಕಿಗಳ ಪಕ್ಕದಲ್ಲಿಯೇ ಬರೆದಿಡುವದು.